ವಾಟರ್ ಸರ್ವಿಸ್‌ಗೂ ಮುಂಚೆ ಗಾಡಿ ಕೆಳಗೆ ನೋಡಿ

ಸಸ್ಪೆನ್ಶನ್ ಚೆಕ್ ಮಾಡಿಸಬೇಕು ಅಂದ ತಕ್ಷಣ ನಮ್ಮ ಸಂಡೂರು ಕಡೆ ಎಲ್ಲರೂ ಮೊದಲು ಓಡುವುದು ವಾಟರ್ ಸರ್ವಿಸ್‌ಗೆ. ಗಾಡಿ ಕೆಳಗೆಲ್ಲ ಕೆಂಪು ಧೂಳು ಮೆತ್ತಿರುತ್ತದೆ, ಮಿಸ್ತ್ರಿಗೂ ಕೈ ಹಾಕಲು ಬೇಜಾರು. ನಾನು ಮಾತ್ರ ತೊಳೆಸುವುದಿಲ್ಲ. ಯಾವ ಪಾರ್ಟು ಹೋಗಿದೆ ಅಂತ ಅರ್ಧಕ್ಕರ್ಧ ಆ ಧೂಳೇ ಹೇಳುತ್ತದೆ.

ನನ್ನದು ಹಳೆಯ ಕ್ಯಾಂಪರ್, ಮುಂದೆ ಜನ ಕೂರುವ, ಹಿಂದೆ ಸಾಮಾನು ಹಾಕುವ ಪಿಕಪ್ ಗಾಡಿ. ಮುಂದೆ ಸುರುಳಿಯಾಕಾರದ ಕಾಯಿಲ್ ಸ್ಪ್ರಿಂಗ್, ಹಿಂದೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಲೀಫ್ ಸ್ಪ್ರಿಂಗ್. ಗಣಿಗೆ ಕೆಲಸದವರನ್ನು, ಡ್ರಿಲ್ಲಿಂಗ್ ಸಾಮಾನನ್ನು, ಒಮ್ಮೊಮ್ಮೆ ಡೀಸೆಲ್ ಬ್ಯಾರಲ್ ಸಾಗಿಸುತ್ತೇನೆ. 200 ಲೀಟರಿನ ಬ್ಯಾರಲ್ ಒಂದು ತುಂಬಿದರೆ 180 ಕೆಜಿ ದಾಟುತ್ತದೆ. ತೋರಣಗಲ್ಲು ರಸ್ತೆಯ ಡಾಂಬರು ಬಿಟ್ಟು ಗುಡ್ಡದ ದಾರಿ ಹಿಡಿದರೆ ಟಿಪ್ಪರ್‌ಗಳು ಕೊರೆದ ಗಾಲಿಜಾಡು, ನಡುವೆ ಎದ್ದ ಕಲ್ಲು. ಒಂದು ಚಕ್ರ ಮೇಲೆ, ಒಂದು ಕೆಳಗೆ.

ಪಾರ್ಟು ಹೋದರೆ ಎಲ್ಲರೂ ಗುಂಡಿಯನ್ನು ಬೈಯುತ್ತಾರೆ. ನನ್ನ ಲೆಕ್ಕದಲ್ಲಿ ಗುಂಡಿಗಿಂತ ಧೂಳೇ ಜಾಸ್ತಿ ತಿನ್ನುತ್ತದೆ. ನಮ್ಮ ಗುಡ್ಡದ ಅದಿರು ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಬಂಗಾರಕ್ಕೆ ಹೊಳಪು ಕೊಡುವ ಕೆಂಪು ಪುಡಿಯೂ ಇದೇ ಜಾತಿ. ಮುಂದಿನ ಚಕ್ರದ ಗುಂಡು ಕೀಲು, ಅಂದರೆ ಬಾಲ್ ಜಾಯಿಂಟ್‌ನ ರಬ್ಬರ್ ಬೂಟು ಕೂದಲೆಳೆಯಷ್ಟು ಹರಿದರೂ ಸಾಕು, ಈ ಪುಡಿ ಒಳಗೆ ಹೋಗಿ ಗ್ರೀಸಿನ ಜೊತೆ ಕಲೆಯುತ್ತದೆ. ಆಮೇಲೆ ಅದು ಗ್ರೀಸ್ ಅಲ್ಲ, ವಾಲ್ವ್ ಉಜ್ಜಲು ಹಾಕುವ ಪೇಸ್ಟ್. ತಿರುಗಿದಷ್ಟೂ ಸವೆಯುತ್ತದೆ.

ಹೋದ ಬೇಸಿಗೆಯಲ್ಲಿ ಗಾಡಿ ನಿಧಾನಕ್ಕೆ ಸಣ್ಣ ಕಲ್ಲಿನ ಮೇಲೆ ಹೋದಾಗ ಮುಂದೆ ಎಡಗಡೆ ಟಕ್ ಟಕ್ ಅನ್ನುತ್ತಿತ್ತು. ಲೋಡ್ ಹಾಕಿ ದೊಡ್ಡ ಗುಂಡಿಗೆ ಇಳಿಸಿದರೆ ಹಿಂದೆ ಧಡ್ ಅಂತ ಹೊಡೆತ. ಎರಡೂ ಬೇರೆ ಬೇರೆ ಕಾಯಿಲೆ. ನಿಧಾನಕ್ಕೆ ಹೋದಾಗ ಟಕ್ ಟಕ್ ಅಂದರೆ ಎಲ್ಲೋ ಜಾಯಿಂಟು, ಇಲ್ಲವೇ ಬೋಲ್ಟಿನ ಸುತ್ತ ಕೂರುವ ರಬ್ಬರ್ ಬುಶ್ ಸಡಿಲ ಅಂತ ಅನುಮಾನ. ಧಡ್ ಅಂದರೆ ಸ್ಪ್ರಿಂಗ್ ಕುಸಿದು ಆಕ್ಸಲ್ ಹೋಗಿ ಗಾಡಿಯ ಚೌಕಟ್ಟಿನ (ಚಾಸಿ) ಅಡಿಯ ರಬ್ಬರ್ ತಡೆ ಬಂಪ್ ಸ್ಟಾಪ್‌ಗೆ ಬಡಿಯುತ್ತಿದೆ. ಶಾಕ್ ಅಬ್ಸಾರ್ಬರ್ ಹೋದರೆ ಸದ್ದಿಗಿಂತ ಕುಣಿತ ಜಾಸ್ತಿ. ಒಂದು ಹಂಪ್ ದಾಟಿದ ಮೇಲೂ ಗಾಡಿ ತೂಗುತ್ತಲೇ ಇರುತ್ತದೆ, ಟೈರ್ ಅಲ್ಲಲ್ಲಿ ತಗ್ಗು ಬಿದ್ದಂತೆ ಸವೆದಿರುತ್ತದೆ. ಏನೇ ಸದ್ದು ಬಂದರೂ "ಶಾಕ್ ಬದಲಾಯಿಸಿ" ಅನ್ನುವ ಅಂಗಡಿಗಳು ಬೇಕಾದಷ್ಟಿವೆ. ಸುಮ್ನೆ ದುಡ್ಡು ದಂಡ.

ಸಹಾಯಕ್ಕೆ ಅಕ್ಕನ ಮಗ ಸಿಕ್ಕಿದ್ದ. "ಮಾವಾ, ಮೊದ್ಲು ತೊಳಸ್ಕೊಂಡು ಬರ್ಲಾ?" ಅಂದ. "ಬ್ಯಾಡಪ್ಪಾ, ಹಂಗೇ ಸಮ ಜಾಗದಾಗ ನಿಲ್ಸು" ಅಂದೆ. ಖಾಲಿ ಗಾಡಿ ನಿಲ್ಲಿಸಿ, ಟೇಪ್ ಹಿಡಿದು ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನ ತನಕ ನಾಲ್ಕೂ ಕಡೆ ಅಳೆದೆವು. ಹಿಂದೆ ಬಲಗಡೆ ಕಣ್ಣಿಗೆ ಕಾಣುವಷ್ಟು ಕೆಳಗಿತ್ತು. ಆಮೇಲೆ ಟಾರ್ಚ್ ಹಿಡಿದು ಕೆಳಗೆ ನುಗ್ಗಿದೆ.

ಧೂಳು ಓದುವುದು ಹೀಗೆ. ಎಲ್ಲ ಕಡೆ ಒಂದೇ ಸಮ ಒಣ ಕೆಂಪು ಇದ್ದರೆ ಆ ಜಾಗ ಆರಾಮಾಗಿದೆ. ಕಪ್ಪಗೆ, ಒದ್ದೆಯಾಗಿ ಅಂಟಿದ್ದರೆ ಎಣ್ಣೆ ಸೋರಿದೆ. ನನ್ನ ಹಿಂದಿನ ಬಲ ಶಾಕ್‌ನ ಮೇಲ್ಭಾಗದಿಂದ ಕೆಳಗಿನ ತನಕ ಹಂಗೇ ಕಪ್ಪು ಪಟ್ಟೆ ಇತ್ತು. ಇನ್ನು ಧೂಳೇ ಇಲ್ಲದೆ ಕಬ್ಬಿಣ ಮಿರಿಮಿರಿ ಮಿಂಚುತ್ತಿದ್ದರೆ ಅಲ್ಲಿ ಅಲುಗಾಡಬಾರದ್ದು ಅಲುಗಾಡುತ್ತಿದೆ. ಪಟ್ಟಿಯ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ ಶಾಕಲ್, ಅದರ ಪಕ್ಕದಲ್ಲಿ ಅರ್ಧಚಂದ್ರದ ಆಕಾರದಲ್ಲಿ ಉಜ್ಜಿದ ಗುರುತಿತ್ತು. ಬುಶ್ ಸವೆದು ಪಟ್ಟಿಯ ಕಣ್ಣು, ಅಂದರೆ ತುದಿಯ ದುಂಡು ತೂತು, ಪಕ್ಕಕ್ಕೆ ಜಾರಿ ಶಾಕಲ್‌ಗೆ ತಾಗುತ್ತಿತ್ತು. ಎಲ್ಲಕ್ಕಿಂತ ಉದ್ದದ ಮೇನ್ ಪಟ್ಟಿಯ ಮೇಲೆ, ಪಟ್ಟಿಗಳನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್ ಹತ್ತಿರ, ಅಡ್ಡಕ್ಕೆ ಒಂದು ಸಣ್ಣ ಗೆರೆ. ಉಗುರು ಆಡಿಸಿದರೆ ತಡೆಯಿತು. ಅದು ಬಿರುಕು. ನೀರು ಹೊಡೆಸಿದ್ದರೆ ಕಪ್ಪು ಪಟ್ಟೆಯೂ ಇಲ್ಲ, ಮಿಂಚುವ ಗುರುತೂ ಎದ್ದು ಕಾಣುತ್ತಿರಲಿಲ್ಲ.

ಇನ್ನೊಂದು ಮಾತು. ತೊಳೆಸಿದ ಮೇಲೆ ಪಟ್ಟಿಗೆಲ್ಲ ಡೀಸೆಲ್, ಇಲ್ಲವೇ ಹಳೆ ಇಂಜಿನ್ ಆಯಿಲ್ ಹೊಡೆಸುವ ಚಟ ನಮ್ಮಲ್ಲಿ ಬಹಳ. ಕಿರ್ರ್ ಅನ್ನುವ ಸದ್ದೇನೋ ನಿಲ್ಲುತ್ತದೆ. ಆದರೆ ಎಣ್ಣೆ ತಾಗಿದ ರಬ್ಬರ್ ಬುಶ್ ಊದಿ ಮೆತ್ತಗಾಗುತ್ತದೆ, ಧೂಳೂ ಇನ್ನಷ್ಟು ಅಂಟುತ್ತದೆ. ನಾನು ಹೊಡೆಸುವುದಿಲ್ಲ.

ಮುಂದಿನ ಟಕ್ ಟಕ್ ಹುಡುಕಲು ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಚಕ್ರವನ್ನು ಚಾಸಿಗೆ ಸೇರಿಸುವ ಎಡಗಡೆ ಕೆಳ ಆರ್ಮ್‌ನ ಅಡಿಗೇ ಜಾಕಿ ಇಟ್ಟು ಚಕ್ರ ಎತ್ತಿದೆ. ಚಾಸಿಗೆ ಜಾಕಿ ಕೊಟ್ಟು ಎತ್ತಿದರೆ ಕಾಯಿಲ್ ಸ್ಪ್ರಿಂಗ್ ಆರ್ಮನ್ನು ಒತ್ತಿ ಹಿಡಿದಿರುತ್ತದೆ, ಜಾಯಿಂಟಿನ ಸಡಿಲ ಗೊತ್ತೇ ಆಗುವುದಿಲ್ಲ. ಚಕ್ರದ ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದೆ. ಆಟ, ಅಂದರೆ ಸಡಿಲ, ಇತ್ತು. ಹುಡುಗನಿಗೆ ಬ್ರೇಕ್ ಒತ್ತು ಅಂದೆ. ಬ್ರೇಕ್ ಒತ್ತಿದಾಗ ಆಟ ನಿಂತರೆ ತಪ್ಪು ವೀಲ್ ಬೇರಿಂಗ್‌ನದು. ನಿಲ್ಲಲಿಲ್ಲ, ಹಾಗಾಗಿ ಬಾಲ್ ಜಾಯಿಂಟ್. ಬೆರಳಿಟ್ಟು ನೋಡಿದರೆ ಮೇಲಿನದೇ ಅಲುಗುತ್ತಿತ್ತು. ಎಡ ಬಲ ಹಿಡಿದು ಅಲ್ಲಾಡಿಸಿದಾಗ ಆಟ ಇರಲಿಲ್ಲ, ಅಂದರೆ ಸ್ಟಿಯರಿಂಗ್ ಕಡೆಯ ಟೈ ರಾಡ್ ಎಂಡ್ ಸರಿ ಇದೆ.

ಮೇಲಿನ ಬಾಲ್ ಜಾಯಿಂಟ್ ನಾನೇ ಬದಲಾಯಿಸಿದೆ. ಚಾಸಿಗೆ ಸ್ಟ್ಯಾಂಡ್ ಕೊಟ್ಟೆ, ಕೆಳ ಆರ್ಮ್ ಅಡಿಯ ಜಾಕಿಯನ್ನು ಕೆಲಸ ಮುಗಿಯುವವರೆಗೆ ಮುಟ್ಟಲಿಲ್ಲ. ಅದು ಇಳಿದರೆ ಒತ್ತಿಕೊಂಡಿರುವ ಕಾಯಿಲ್ ಎಗರುತ್ತದೆ, ಮನುಷ್ಯ ಉಳಿಯುವುದು ಕಷ್ಟ. ಕಾಯಿಲ್ ಬಿಚ್ಚುವ ಕೆಲಸವಾದರೆ ಕಂಪ್ರೆಸರ್ ಟೂಲ್ ಇರುವ ವರ್ಕ್‌ಶಾಪಿಗೇ ಕೊಡುತ್ತೇನೆ. ನಟ್ ಸಡಿಲಿಸಿ, ನಾಲ್ಕು ಎಳೆ ಹಾಗೇ ಬಿಟ್ಟು, ಚಕ್ರ ಹಿಡಿದಿರುವ ನಕಲ್ ಎಂಬ ಪಾರ್ಟಿನ ಪಕ್ಕಕ್ಕೆ ಸುತ್ತಿಗೆಯಿಂದ ಗಟ್ಟಿಯಾಗಿ ಹೊಡೆದರೆ ಅದರೊಳಗೆ ಬಿಗಿದು ಕೂತ ಟೇಪರ್ ಪಟ್ ಅಂತ ಬಿಡುತ್ತದೆ. ಬೋಲ್ಟಿನ ತುದಿಗೆ ಹೊಡೆದರೆ ಎಳೆ ಕೆಡುತ್ತದೆ, ಅಷ್ಟೇ. ಹೊಸದು ಕೂರಿಸುವಾಗ ಸ್ಪ್ಲಿಟ್ ಪಿನ್‌ನ ತೂತು ಸೇರದಿದ್ದರೆ ನಟ್ಟನ್ನು ಮುಂದಕ್ಕೇ ಬಿಗಿ ಮಾಡಿ ಸೇರಿಸಬೇಕು. ಹಿಂದಕ್ಕೆ ಸಡಿಲಿಸಬಾರದು.

ಹಿಂದಿನ ಕೆಲಸ ಮೈಮುರಿಯುವಂಥದ್ದು. ಶಾಕಲ್ ಬೋಲ್ಟ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿದ್ದೆ. ಚಾಸಿ ಸ್ಟ್ಯಾಂಡ್ ಮೇಲೆ, ಆಕ್ಸಲ್ ಜಾಕಿ ಮೇಲೆ. "ಇನ್ನೊಂದು ಪಟ್ಟಿ ಜಾಸ್ತಿ ಹಾಕಿಸ್ಬಿಡ್ರಿ, ಲೋಡ್ ತಡೀತದ" ಅಂತ ಪಟ್ಟಿ ಅಂಗಡಿಯವರು ಹೇಳಿದರು. ಒಪ್ಪಲಿಲ್ಲ. ಪಟ್ಟಿ ಜಾಸ್ತಿಯಾದರೆ ಸ್ಪ್ರಿಂಗ್ ಬಿರುಸಾಗಿ, ಖಾಲಿ ಬರುವಾಗ ಹಿಂದಿನ ಚಕ್ರ ನೆಲದ ಮೇಲೆ ನಿಲ್ಲುವುದಿಲ್ಲ, ಆ ಹೊಡೆತವೆಲ್ಲ ಚಾಸಿಗೆ ಹೋಗುತ್ತದೆ. ಒಂದೇ ಕಡೆ ಹೊಸ ಪಟ್ಟಿ ಹಾಕಿದರೆ ಗಾಡಿ ವಾಲುತ್ತದೆ ಅಂತ ಎರಡೂ ಕಡೆಯ ಮೇನ್ ಪಟ್ಟಿ, ಬುಶ್, ಶಾಕ್ ಬದಲಾಯಿಸಿದೆ. ಯು ಬೋಲ್ಟ್ ಹಳೆಯದನ್ನು ಎಂದೂ ವಾಪಸ್ ಹಾಕುವುದಿಲ್ಲ. ಒಮ್ಮೆ ಎಳೆದು ಬಿಗಿಯಾದದ್ದು ಎರಡನೇ ಸಲ ಅದೇ ಹಿಡಿತ ಕೊಡುವುದಿಲ್ಲ.

ಪಟ್ಟಿಗಳ ನಡುವೆ ತೂರಿದ ಸೆಂಟರ್ ಬೋಲ್ಟ್‌ನ ತಲೆ ಆಕ್ಸಲ್ ಪ್ಯಾಡ್‌ನ ತೂತಿನಲ್ಲಿ ಸರಿಯಾಗಿ ಕೂತಿದೆಯಾ ಅಂತ ಬೆರಳಾಡಿಸಿ ನೋಡಿ, ಆಮೇಲೆ ಯು ಬೋಲ್ಟ್‌ಗಳನ್ನು ಕತ್ತರಿ ಹಾಕಿದಂತೆ ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದೆ. ಹೊಸ ಶಾಕ್‌ಗಳನ್ನು ನೆಟ್ಟಗೆ ಹಿಡಿದು ಕೆಲವು ಸಲ ಎಳೆದು ಒತ್ತಿ ಒಳಗಿನ ಗಾಳಿ ಹೋಗಿಸಿ ಹಾಕಿದೆ.

ಬುಶ್ ಬೋಲ್ಟ್‌ಗಳನ್ನು ಮಾತ್ರ ಆಗಲೇ ಪೂರ್ತಿ ಬಿಗಿಯಲಿಲ್ಲ. ಬಹಳ ಜನ ಇಲ್ಲಿ ಅವಸರ ಮಾಡುತ್ತಾರೆ. ಗಾಡಿ ಮೇಲಿದ್ದಾಗ ಬಿಗಿದರೆ ರಬ್ಬರ್ ಆ ಸ್ಥಿತಿಯಲ್ಲೇ ಕಚ್ಚಿಕೊಳ್ಳುತ್ತದೆ. ಇಳಿಸಿದ ಮೇಲೆ ದಿನವಿಡೀ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಚಕ್ರ ನೆಲಕ್ಕೆ ಇಳಿಸಿ, ಗಾಡಿಯನ್ನು ನಾಲ್ಕು ಸಲ ಜಗ್ಗಾಡಿಸಿ, ಭಾರ ಕೂತ ಮೇಲೆ ಕೊನೆಯ ಬಿಗಿ ಕೊಟ್ಟೆ.

ಬಾಲ್ ಜಾಯಿಂಟ್ ಬಿಚ್ಚಿದ ಮೇಲೆ ಚಕ್ರಗಳ ಅಲೈನ್‌ಮೆಂಟ್ ತಪ್ಪದೇ ಮಾಡಿಸಬೇಕು, ಹೊಸಪೇಟೆಗೆ ಹೋಗಿ ಮಾಡಿಸಿದೆ. ಮೊದಲ ಲೋಡ್ ಇಳಿಸಿ ಬಂದ ಸಂಜೆ ಯು ಬೋಲ್ಟ್‌ಗಳಿಗೆ ಮತ್ತೆ ಸ್ಪಾನರ್ ಹಾಕಿದೆ. ಹೊಸ ಪಟ್ಟಿಗಳು ಒಂದರ ಮೇಲೊಂದು ಕೂತಿದ್ದಕ್ಕೆ ನಟ್‌ಗಳು ಇನ್ನೂ ಕಾಲು ಸುತ್ತು ತಿರುಗಿದವು.