ನಾಯಿ ಇರುವ ಪುಟ್ಟ ಹಿತ್ತಿಲಿಗೆ ಯಾವ ನೆಲ ಒಳ್ಳೆಯದು?

ಏನು ಹಾಕಿಸುವ ಮೊದಲೂ ಒಂದು ಕೆಲಸ ಮಾಡಿ. ಮಧ್ಯಾಹ್ನ ಎರಡು ಗಂಟೆಯ ಬಿಸಿಲಲ್ಲಿ ಅದರ ಒಂದು ತುಂಡನ್ನು ಸ್ವಲ್ಪ ಹೊತ್ತು ಬಿಟ್ಟು, ಅಂಗೈಯ ಹಿಂಬದಿಯನ್ನು ಅದಕ್ಕೆ ಒತ್ತಿ 7 ಸೆಕೆಂಡ್ ಎಣಿಸಿ. ನಿಮಗೇ ತಡೆಯಲು ಆಗದಿದ್ದರೆ ನಾಯಿಯ ಪಾದಕ್ಕೂ ಆಗುವುದಿಲ್ಲ, ಅಲ್ವಾ? ಕಪ್ಪು ಕಡಪ ಕಲ್ಲು ಮತ್ತು ಪ್ಲಾಸ್ಟಿಕ್ ಹುಲ್ಲು ಇಲ್ಲೇ ಸೋಲುತ್ತವೆ. ಪ್ಲಾಸ್ಟಿಕ್ ಹುಲ್ಲನ್ನು ಆಗಾಗ ತೊಳೆಯದಿದ್ದರೆ ಉಚ್ಚೆಯ ವಾಸನೆಯೂ ನಿಲ್ಲುತ್ತದೆ.

ಬಿಸಿಲು ಚೆನ್ನಾಗಿ ಬೀಳುವ ಜಾಗವಾದರೆ ನನ್ನ ಆಯ್ಕೆ ಗರಿಕೆ. ನಾಯಿ ಉಚ್ಚೆ ಮಾಡಿದ ಕಡೆ ಹುಲ್ಲು ಸುಟ್ಟು ಹಳದಿಯಾಗಿ, ಸುತ್ತ ಕಡು ಹಸಿರು ಉಂಗುರ ಮೂಡಿರುವುದನ್ನು ನೋಡಿರುತ್ತೀರಿ. ಅದು ಉಚ್ಚೆಯಲ್ಲಿನ ಸಾರಜನಕದ ಕೆಲಸ, ನಡುವೆ ಜಾಸ್ತಿಯಾಗಿ ಸುಡುತ್ತದೆ, ಅಂಚಿನಲ್ಲಿ ಗೊಬ್ಬರವಾಗುತ್ತದೆ. ತಕ್ಷಣ ಎರಡು ಚೊಂಬು ನೀರು ಸುರಿಯಿರಿ. ಮಚ್ಚೆ ಬಿದ್ದರೂ ಗರಿಕೆ ಹಬ್ಬಿಕೊಂಡು ಮತ್ತೆ ಮುಚ್ಚುತ್ತದೆ. ಗಿಡ್ಡಗೆ ಕತ್ತರಿಸುತ್ತಿರಿ, ಎತ್ತರದ ಹುಲ್ಲಲ್ಲಿ ರಕ್ತ ಹೀರುವ ಉಣ್ಣೆ ಹುಳುಗಳು ಸೇರುತ್ತವೆ.

ಕಾಂಪೌಂಡ್ ಗೋಡೆಯ ಪಕ್ಕ ಮಾತ್ರ ಹುಲ್ಲು ಉಳಿಯುವುದು ಕಷ್ಟ, ನಾಯಿ ದಿನಾ ಓಡುವ ದಾರಿಯೇ ಅದು. ಅಲ್ಲಿ ಎರಡಡಿ ಅಗಲಕ್ಕೆ ತಿಳಿ ಬೂದು ಬಣ್ಣದ, ಪಾಲಿಶ್ ಮಾಡದ ಸಾದರಹಳ್ಳಿ ಕಲ್ಲು ಹಾಸಿ. ಪ್ರತಿ ನಾಲ್ಕು ಅಡಿಗೆ ಒಂದು ಇಂಚು ಇಳಿಜಾರು ಕೊಡಿಸಿ, ಇಲ್ಲದಿದ್ದರೆ ಮಳೆಗಾಲದಲ್ಲಿ ನೀರು ನಿಂತು ಪಾಚಿ ಕಟ್ಟುತ್ತದೆ. ಒಡೆದ ಜಲ್ಲಿ ಬೇಡವೇ ಬೇಡ, ಚೂಪು ಅಂಚು ಪಾದ ಕೊಯ್ಯುತ್ತದೆ.