ಸಮುದ್ರದಿಂದ ಬಂದ ಮ್ಯಾಮತ್ ಹಲ್ಲು ಸೀಳದಂತೆ ಒಣಗಿಸುವ ಬಗೆ

ಉತ್ತರ ಸಮುದ್ರದ ಮೀನುಬಲೆಗೆ ಸಿಕ್ಕಿದ್ದಿರಲಿ, ರಾಟರ್‌ಡ್ಯಾಮ್ ಪಕ್ಕದ ಮಾಸ್‌ವ್ಲಾಕ್ಟೆ ಮರಳಲ್ಲಿ ಸಿಕ್ಕಿದ್ದಿರಲಿ, ಹಿಮಯುಗದ ಆನೆಜಾತಿಯ ಪ್ರಾಣಿ ಉಣ್ಣೆ ಮ್ಯಾಮತ್‌ನ ದವಡೆಹಲ್ಲು ಹಸಿಯಿದ್ದಾಗ ಕಲ್ಲಿನ ಹಾಗಿರುತ್ತದೆ. ಬಿಸಿಲಿಗಿಟ್ಟರೆ ಮಾತ್ರ ಕೆಲವೇ ದಿನಗಳಲ್ಲಿ ಹೋಳುಹೋಳಾಗುತ್ತದೆ.

ಕಾರಣ ಅದರ ಕಟ್ಟಣೆಯಲ್ಲೇ ಇದೆ. ಕೊನೆಯ ದವಡೆಹಲ್ಲಿನಲ್ಲಿ 20ಕ್ಕೂ ಹೆಚ್ಚು ತೆಳು ಫಲಕಗಳು ಒತ್ತೊತ್ತಾಗಿ ನಿಂತಿರುತ್ತವೆ. ಫಲಕದ ಒಳಗೆ ಡೆಂಟಿನ್ (ಮೂಳೆಯಂಥ ಒಳಭಾಗ), ಸುತ್ತ ಒಂದೆರಡು ಮಿಲಿಮೀಟರ್ ಎನಾಮಲ್ (ಗಟ್ಟಿ ಹೊರಪದರ), ಎರಡು ಫಲಕಗಳ ನಡುವೆ ಅವನ್ನು ಹಿಡಿದಿಡುವ ಸಿಮೆಂಟಮ್. ಒಣಗುವಾಗ ಡೆಂಟಿನ್, ಸಿಮೆಂಟಮ್ ಕುಗ್ಗುತ್ತವೆ, ಎನಾಮಲ್ ಜಗ್ಗುವುದಿಲ್ಲ. ಸೀಳು ಬೀಳುವುದು ಅವು ಕೂಡುವಲ್ಲೇ. ಈ ಸಿಮೆಂಟಮ್ ನೋಡಲು ಒಣ ಜೇಡಿಯಂತೆ ಕಾಣುತ್ತದೆ. ಕೊಳೆಯೆಂದು ಚಾಕುವಿನಿಂದ ಕೆರೆದರೆ ಫಲಕಗಳ ಹಿಡಿತವನ್ನೇ ಕಿತ್ತಂತೆ! ಮೆತ್ತನೆಯ ಹಲ್ಲುಜ್ಜುವ ಬ್ರಷ್ ಸಾಕು.

ಮೊದಲು ಉಪ್ಪು ಬಿಡಿಸಬೇಕು. 4 ಕೆ.ಜಿ. ಹಲ್ಲು ನೆನೆಹಾಕಲು 20 ಲೀಟರ್ ಕೊಳಾಯಿ ನೀರು. ಮೊದಲ ವಾರ ದಿನಾ, ಆಮೇಲೆ ವಾರಕ್ಕೆರಡು ಸಲ ಬದಲಿಸುತ್ತೇನೆ. ಹೊಸ ನೀರಿನ ಟಿಡಿಎಸ್ (ನೀರಲ್ಲಿ ಕರಗಿರುವ ಲವಣಗಳ ಅಳತೆ) ಬರೆದಿಟ್ಟು, ಮೂರು ದಿನ ಬಿಟ್ಟು ಮತ್ತೆ ನೋಡುತ್ತೇನೆ. ಅಂಕಿ ಏರುವುದು ನಿಂತರೆ ಉಪ್ಪು ಹೋಯಿತು. ಸಾಮಾನ್ಯವಾಗಿ ಆರರಿಂದ ಎಂಟು ವಾರ ಹಿಡಿಯುತ್ತದೆ. ಇಲ್ಲಿ ಆತುರಪಟ್ಟರೆ ಒಣಗಿದ ಮೇಲೆ ಉಪ್ಪು ಬಿಳಿಯಾಗಿ ಹೂ ಬಿಡುತ್ತದೆ, ಒಳಗಿನ ಹರಳುಗಳು ಪದರವನ್ನೇ ಎಬ್ಬಿಸುತ್ತವೆ.

ಒಣಗಿಸುವುದೇ ನಿಜವಾದ ಕೆಲಸ. ಹಲ್ಲಿಗೆ ಕ್ರೇಪ್ ಬ್ಯಾಂಡೇಜ್ ಬಿಗಿಯಾಗಿ ಸುತ್ತಿ, ನಾಲ್ಕೈದು ತೂತು ಮಾಡಿದ ಪ್ಲಾಸ್ಟಿಕ್ ಚೀಲದಲ್ಲಿ ತಂಪಾದ ಕೋಣೆಯಲ್ಲಿಡಿ. ವಾರಕ್ಕೊಮ್ಮೆ ತೂಕ ನೋಡಿ. ಬೂಷ್ಟು ಕಂಡರೆ ಒರೆಸಿ, ಇನ್ನೆರಡು ತೂತು ಹೆಚ್ಚಿಸಿ. ಸತತ ಮೂರು ವಾರ ತೂಕ ಅಲುಗಾಡದಿದ್ದರೆ ಒಣಗಿದೆ ಎಂದರ್ಥ. ಮೂರ್ನಾಲ್ಕು ತಿಂಗಳು ಬೇಕಾಗಬಹುದು.

ಆಮೇಲೆ ಹಲ್ಲನ್ನು ಗಟ್ಟಿಮಾಡುವ ಅಕ್ರಿಲಿಕ್ ರಾಳ, ಪ್ಯಾರಲಾಯ್ಡ್ ಬಿ-72. ಒಂದು ಲೀಟರ್ ಅಸಿಟೋನ್‌ಗೆ 50 ಗ್ರಾಂ ಹರಳು, ತೆಳು ಬಟ್ಟೆಯಲ್ಲಿ ಕಟ್ಟಿ ಗಾಜಿನ ಜಾಡಿಯಲ್ಲಿ ತೂಗುಬಿಡಿ. ಹಾಗೇ ಸುರಿದರೆ ತಳಕ್ಕೆ ಅಂಟಿ ಕೂರುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಬೇರಿನ ಕಡೆಯಿಂದ, ಹಲ್ಲು ಕುಡಿಯುವುದು ನಿಲ್ಲುವವರೆಗೆ ಹಚ್ಚಿ. ಮಂಜಿನಂತೆ ಬೆಳ್ಳಗಾದರೆ ತೇವ ಉಳಿದಿದೆ: ಅಸಿಟೋನ್‌ನಿಂದ ಒರೆಸಿ ತೆಗೆದು ಮತ್ತೆ ಕಾಯಿರಿ. ಬಿಟ್ಟ ಫಲಕ ಅಂಟಿಸಲೂ ಇದನ್ನೇ ಗಟ್ಟಿಯಾಗಿ ಕರಗಿಸಿಕೊಳ್ಳುತ್ತೇನೆ. ಸೂಪರ್‌ಗ್ಲೂ ಬೇಡವೇ ಬೇಡ. ಅಂಟು ಬಿಡದೆ ಅದರ ಪಕ್ಕದ ಡೆಂಟಿನ್ ಒಡೆಯುತ್ತದೆ, ತೆಗೆಯುವುದೂ ಕಷ್ಟ.

ಕೊನೆಗೆ ಇಡುವ ಜಾಗ. ಚಳಿಗಾಲದಲ್ಲಿ ಹೀಟರ್ ಉರಿಯುವ ಕೋಣೆಯ ಗಾಳಿ ತೀರಾ ಒಣಗುತ್ತದೆ. ಆರ್ದ್ರತೆ 45ರಿಂದ 55 ಶೇಕಡಾ ಇರುವ ಮುಚ್ಚಿದ ಕಪಾಟೇ ಸರಿ.