ಇಂಟರ್ನೆಟ್ ಇಲ್ಲದಿದ್ದರೂ ಫೈಲು ಹೋಗುವ ದಾರಿ

ಕೋಲಾರದ ಎಪಿಎಂಸಿ ಮಾರುಕಟ್ಟೆಯ ಒಂದು ಟೊಮೆಟೊ ಮಂಡಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಹರಾಜು ಮುಗಿದ ಮೇಲೆ ಬಿಲ್ ಹಾಕುವ ಕಂಪ್ಯೂಟರಿನಿಂದ ಒಳಕೋಣೆಯ ಲೆಕ್ಕದ ಕಂಪ್ಯೂಟರಿಗೆ ಆ ದಿನದ ಪಟ್ಟಿ ಹೋಗಬೇಕು. ರೂಟರಿನ ಇಂಟರ್ನೆಟ್ ದೀಪ ಕೆಂಪಾಗಿದ್ದರೆ ‘ನೆಟ್ ಇಲ್ಲ’ ಎಂದು ಕೈಕಟ್ಟಿ ಕೂರುವವರೇ ಹೆಚ್ಚು. ಆದರೆ ಎರಡೂ ಕಂಪ್ಯೂಟರುಗಳು ಒಂದೇ ರೂಟರಿಗೆ ಕೇಬಲ್ ಮೂಲಕ ಜೋಡಣೆಯಾಗಿದ್ದರೆ, ಆ ಫೈಲು ಕಟ್ಟಡ ಬಿಟ್ಟು ಹೊರಗೆ ಹೋಗಬೇಕಾದ ಅಗತ್ಯವೇ ಇಲ್ಲ.

ಮೊದಲು ವಿಳಾಸಗಳನ್ನು ನೋಡಿಕೊಳ್ಳಿ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆದು ಇಂಗ್ಲಿಷಿನಲ್ಲಿ ‘ಐಪಿಕಾನ್ಫಿಗ್’ (ipconfig) ಎಂದು ಕೊಟ್ಟರೆ ಆ ಕಂಪ್ಯೂಟರಿನ ಐಪಿ ವಿಳಾಸ, ಎಂದರೆ ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆ ಕಾಣುತ್ತದೆ. ಬಿಲ್ಲಿನ ಕಂಪ್ಯೂಟರಿನದು 192.168.1.10, ಲೆಕ್ಕದ ಕಂಪ್ಯೂಟರಿನದು 192.168.1.25, ವಿಳಾಸದ ಯಾವ ಭಾಗ ಜಾಲದ್ದೆಂದು ಹೇಳುವ ಸಬ್‌ನೆಟ್ ಮಾಸ್ಕ್ 255.255.255.0 ಎಂದಿಟ್ಟುಕೊಳ್ಳಿ. ಇಲ್ಲಿ 255 ಇರುವ ಮೂರು ಭಾಗಗಳು ಜಾಲದ್ದು. ಮೊದಲ ಮೂರು ಭಾಗಗಳು ಒಂದೇ ಆಗಿರುವುದರಿಂದ ‘ಇದು ನಮ್ಮ ಜಾಲದೊಳಗಿನದೇ’ ಎಂದು ಕಂಪ್ಯೂಟರ್ ತೀರ್ಮಾನಿಸಿ, ನೇರವಾಗಿ ಕಳುಹಿಸಲು ಸಿದ್ಧವಾಗುತ್ತದೆ. 169.254 ಎಂದು ಆರಂಭವಾಗುವ ವಿಳಾಸ ಕಂಡರೆ, ಆ ಕಂಪ್ಯೂಟರಿಗೆ ರೂಟರಿನಿಂದ ವಿಳಾಸ ದೊರೆತಿಲ್ಲವೆಂದು ತಿಳಿದು ಕೇಬಲನ್ನು ಪರೀಕ್ಷಿಸಿ.

ಐಪಿ ವಿಳಾಸ ಗೊತ್ತಿದ್ದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಪ್ರತಿ ನೆಟ್‌ವರ್ಕ್ ಕಾರ್ಡಿಗೂ ತಯಾರಿಕೆಯಲ್ಲೇ ಕೊಟ್ಟ 48 ಬಿಟ್‌ಗಳ ಮ್ಯಾಕ್ ವಿಳಾಸ ಬೇರೆಯೇ ಇರುತ್ತದೆ. ಸ್ಥಳೀಯ ಜಾಲದಲ್ಲಿ ದತ್ತಾಂಶ ತಲುಪುವುದು ಅದರ ಮೇಲೆಯೇ. ಹೀಗಾಗಿ ಬಿಲ್ಲಿನ ಕಂಪ್ಯೂಟರ್ ‘192.168.1.25 ಯಾರದು?’ ಎಂದು ಜಾಲದಲ್ಲಿರುವ ಎಲ್ಲರಿಗೂ ಕೇಳುವಂತೆ ಒಂದು ಪ್ರಶ್ನೆ ಹಾಕುತ್ತದೆ. ಆ ವಿಳಾಸದ ಕಂಪ್ಯೂಟರ್ ಮಾತ್ರ ತನ್ನ ಮ್ಯಾಕ್ ವಿಳಾಸವನ್ನು ಉತ್ತರವಾಗಿ ಕೊಡುತ್ತದೆ. 1982ರಲ್ಲಿ ಪ್ರಕಟವಾದ ಎಆರ್‌ಪಿ ಎಂಬ ಈ ನಿಯಮವೇ ಇಂದಿಗೂ ಬಳಕೆಯಲ್ಲಿದೆ.

ಈಗ ಫೈಲಿನ ಸರದಿ. ಟೊಮೆಟೊ ಬಾಕ್ಸುಗಳಲ್ಲಿ ತುಂಬಿ ಲಾರಿ ಹತ್ತುವಂತೆ, ಫೈಲು ಕೂಡ ಫ್ರೇಮ್‌ಗಳೆಂಬ ತುಂಡುಗಳಾಗಿಯೇ ಹೊರಡುತ್ತದೆ. ಸಾಮಾನ್ಯ ಈಥರ್ನೆಟ್ ಫ್ರೇಮಿನಲ್ಲಿ ಹಿಡಿಸುವುದು 1500 ಬೈಟ್. ಅದರಲ್ಲಿ ವಿಳಾಸ ಹೊತ್ತ ಐಪಿ ತಲೆಬರಹವನ್ನೂ, ತುಂಡುಗಳು ತಲುಪಿದವೇ ಎಂದು ನೋಡಿಕೊಳ್ಳುವ ಟಿಸಿಪಿ ಎಂಬ ನಿಯಮದ ತಲೆಬರಹವನ್ನೂ ಕಳೆದರೆ ಉಳಿಯುವುದು 1460. ಎಂದರೆ ಒಂದೂವರೆ ಎಂಬಿಯ ಪಟ್ಟಿಗೂ ಸಾವಿರಕ್ಕಿಂತ ಹೆಚ್ಚು ಫ್ರೇಮುಗಳು ಬೇಕು. ಪ್ರತಿ ತುಂಡಿಗೂ ಕ್ರಮಸಂಖ್ಯೆ ಇರುವುದರಿಂದ ಅತ್ತ ಕಡೆಯಲ್ಲಿ ಅವನ್ನು ಸರಿಯಾಗಿ ಜೋಡಿಸಬಹುದು. ದಾರಿಯಲ್ಲಿ ಕೆಟ್ಟ ಫ್ರೇಮನ್ನು ಸದ್ದಿಲ್ಲದೆ ಬಿಸಾಡಲಾಗುತ್ತದೆ. ಸ್ವೀಕೃತಿ ಬಾರದಿದ್ದಾಗ ಟಿಸಿಪಿ ಅದನ್ನು ಮತ್ತೆ ಕಳುಹಿಸುತ್ತದೆ.

ಎರಡು ಕಂಪ್ಯೂಟರುಗಳ ನಡುವೆ ಇರುವುದು ಸ್ವಿಚ್, ಎಂದರೆ ಫ್ರೇಮುಗಳನ್ನು ಸರಿಯಾದ ಕೇಬಲಿಗೆ ದಾಟಿಸುವ ಸಾಧನ. ಸಣ್ಣ ಕಚೇರಿಗಳಲ್ಲಿ ರೂಟರಿನ ಹಿಂಬದಿಯಲ್ಲಿ ಕೇಬಲ್ ಸಿಕ್ಕಿಸುವ ಲ್ಯಾನ್ ಪೋರ್ಟುಗಳೇ ಸ್ವಿಚ್ಚಿನ ಕೆಲಸ ಮಾಡುತ್ತವೆ. ಇಂಟರ್ನೆಟ್ ಹೋದರೂ ವಿದ್ಯುತ್ ಇರುವವರೆಗೆ ಈ ಕೆಲಸ ನಿಲ್ಲುವುದಿಲ್ಲ. ಒಳಬಂದ ಫ್ರೇಮು ಯಾರಿಂದ, ಯಾವ ಪೋರ್ಟಿನಿಂದ ಬಂತೆಂಬುದನ್ನು ಸ್ವಿಚ್ ಬರೆದಿಟ್ಟುಕೊಂಡು, ಮುಂದೆ ಆ ವಿಳಾಸಕ್ಕೆ ಬಂದದ್ದನ್ನು ಅದೇ ಪೋರ್ಟಿಗೆ ಮಾತ್ರ ಕಳುಹಿಸುತ್ತದೆ. ವಿಳಾಸ ತನ್ನ ಪಟ್ಟಿಯಲ್ಲಿ ಇಲ್ಲದಿದ್ದರೆ, ಬಂದ ಪೋರ್ಟನ್ನು ಬಿಟ್ಟು ಉಳಿದೆಲ್ಲ ಕಡೆಗೂ ಹಂಚುತ್ತದೆ.

ಫೈಲು ಹೋಗದಿದ್ದರೆ ಇದೇ ಕ್ರಮದಲ್ಲಿ ಹುಡುಕಬೇಕು. ಬಿಲ್ಲಿನ ಕಂಪ್ಯೂಟರಿನಿಂದ 192.168.1.25ಕ್ಕೆ ಪಿಂಗ್ ಮಾಡಿ, ಎಂದರೆ ಉತ್ತರ ಬರುತ್ತದೆಯೇ ಎಂದು ನೋಡುವ ಪುಟ್ಟ ಸಂದೇಶ ಕಳುಹಿಸಿ. ‘ರಿಕ್ವೆಸ್ಟ್ ಟೈಮ್ಡ್ ಔಟ್’ ಎಂದು ಬಂದ ಕೂಡಲೇ ಕೇಬಲನ್ನು ದೂರುವುದು ಆತುರವಾದೀತು. ಕಮಾಂಡ್ ಪ್ರಾಂಪ್ಟ್‌ನಲ್ಲಿ ಇಂಗ್ಲಿಷಿನಲ್ಲಿ ‘ಎಆರ್‌ಪಿ’ ಎಂದು ಬರೆದು, ಒಂದು ಜಾಗ ಬಿಟ್ಟು, ಅಡ್ಡಗೆರೆ ಹಾಗೂ ‘ಎ’ ಅಕ್ಷರ ಸೇರಿಸಿದರೆ (arp -a) ಬರುವ ಪಟ್ಟಿಯಲ್ಲಿ ಆ ಐಪಿಯ ಪಕ್ಕ ಮ್ಯಾಕ್ ವಿಳಾಸ ಕಂಡರೆ ದಾರಿ ಸರಿಯಿದೆ, ಹೊರಗಿನಿಂದ ಬರುವ ಸಂದೇಶಗಳನ್ನು ಸೋಸುವ ಅತ್ತ ಕಡೆಯ ಫೈರ್‌ವಾಲ್ ತಡೆಯುತ್ತಿರುವ ಸಂಭವವೇ ಹೆಚ್ಚು.

ಫೈಲು ಹೋಗುತ್ತದೆ, ಆದರೆ ತೀರಾ ನಿಧಾನ ಎಂದಾದರೆ ನೆಟ್‌ವರ್ಕ್ ಸ್ಟೇಟಸ್‌ನಲ್ಲಿ ವೇಗ ನೋಡಿ. ಗಿಗಾಬಿಟ್ ವೇಗಕ್ಕೆ ಕೇಬಲಿನ ಎಂಟೂ ತಂತಿಗಳು ಬೇಕು. 100 ಎಂಬಿಪಿಎಸ್‌ಗೆ 1, 2, 3 ಮತ್ತು 6ನೇ ಪಿನ್ನುಗಳ ನಾಲ್ಕು ತಂತಿಗಳು ಸಾಕು. ಒಂದು ಗಿಗಾಬಿಟ್ ಇರಬೇಕಾದಲ್ಲಿ 100 ಎಂದು ತೋರಿಸಿದರೆ, ಉಳಿದ ತಂತಿಗಳಲ್ಲೊಂದು ಕನೆಕ್ಟರಿನೊಳಗೆ ಸರಿಯಾಗಿ ಕೂತಿಲ್ಲದಿರಬಹುದು. ಆಗ ತುದಿಯನ್ನು ಕತ್ತರಿಸಿ, ಹೊಸ ಕನೆಕ್ಟರ್ ಹಾಕಿಸಿ.